ಕಾಲಿನ ಹುಣ್ಣಿಗೆ ಕಟ್ಟಿದ ಪಟ್ಟಿ: ಬಿಚ್ಚುವುದು ಯಾವಾಗ?

ಗಾಯವೆಂದ ಮೇಲೆ ದಿನವೂ ಬಿಚ್ಚಬೇಕು, ತೊಳೆಯಬೇಕು, ಹೊಸ ಬಟ್ಟೆ ಕಟ್ಟಬೇಕು. ಇದು ನಮ್ಮಲ್ಲಿ ಬಹುತೇಕ ಎಲ್ಲರ ನಂಬಿಕೆ. ‘ದಿನಾ ಡ್ರೆಸಿಂಗ್ ಮಾಡಿಸಿಕೊಳ್ಳಿ’ ಎಂಬ ಮಾತನ್ನು ಕೇಳಿಯೇ ನಾವು ಬೆಳೆದಿದ್ದೇವೆ. ಹೀಗಿರುವಾಗ ವೈದ್ಯರೊಬ್ಬರು ಕಾಲಿನ ಹುಣ್ಣಿಗೆ ಮೊಣಕಾಲಿನವರೆಗೂ ಬಿಗಿಯಾಗಿ ಪಟ್ಟಿ ಸುತ್ತಿ, ‘ಇನ್ನು ಒಂದು ವಾರ ಇದನ್ನು ಮುಟ್ಟಬೇಡಿ’ ಎಂದರೆ ರೋಗಿಗೂ ಮನೆಯವರಿಗೂ ಅಚ್ಚರಿಯಾಗುವುದು ಸಹಜ. ಒಳಗೆ ಕೊಳೆತುಹೋಗುವುದಿಲ್ಲವೆ? ಗಾಳಿ ಬೇಡವೆ? ವಾರವಿಡೀ ಬಿಡುವುದು ಅಸಡ್ಡೆಯಲ್ಲವೆ?

ಆರೋಗ್ಯ ಕುರಿತ ಮಾತುಕತೆಗಳಲ್ಲಿ ತಜ್ಞರ ಮುಂದೆ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ವಿದ್ಯಾರ್ಥಿಗಳಾದ ನಿಮಗೆ ಇದರಲ್ಲೇನು ಆಸಕ್ತಿ ಎಂದು ಕೇಳಬಹುದು. ಉತ್ತರ ಅಡಗಿರುವುದು ನೀವು ತರಗತಿಯಲ್ಲಿ ಓದುವ ದ್ರವದ ಒತ್ತಡದಲ್ಲಿ, ರಕ್ತ ಪರಿಚಲನೆಯಲ್ಲಿ. ಅದನ್ನು ತಿಳಿದವರೊಬ್ಬರು ಮನೆಯಲ್ಲಿದ್ದರೆ ಅಜ್ಜನದೋ ಅವ್ವನದೋ ವರ್ಷಗಟ್ಟಲೆ ಮಾಯದ ಹುಣ್ಣು ಕೆಲವು ತಿಂಗಳುಗಳಲ್ಲಿ ಮಾಯಬಹುದು.

ಯಾರಿಗೆ ಬರುತ್ತದೆ?

ಯಾದಗಿರಿ ಜಿಲ್ಲೆಯ ಕೊಂಕಲ್‌ನಂಥ ಊರನ್ನು ಕಣ್ಮುಂದೆ ತಂದುಕೊಳ್ಳಿ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳು ಬಂದ ಮೇಲೆ ಶಹಾಪುರ, ಸುರಪುರ ಭಾಗದಲ್ಲಿ ಜೋಳ, ತೊಗರಿಗಳ ಜೊತೆಗೆ ಭತ್ತವೂ ಹತ್ತಿಯೂ ಹಬ್ಬಿದವು. ಭತ್ತದ ನಾಟಿ ಎಂದರೆ ದಿನವಿಡೀ ನಿಂತು, ಬಗ್ಗಿ ಮಾಡುವ ಕೆಲಸ. ಬಸ್ ನಿರ್ವಾಹಕರು, ಹೋಟೆಲಿನಲ್ಲಿ ಒಲೆಯ ಮುಂದೆ ನಿಲ್ಲುವವರು, ಸಂಚಾರಿ ಪೊಲೀಸರು, ಶಿಕ್ಷಕರು ಇವರೆಲ್ಲರದೂ ನಿಂತೇ ಮಾಡುವ ದುಡಿಮೆ. ಹೆಚ್ಚು ಹೊತ್ತು ನಿಲ್ಲುವುದು, ಹಲವು ಹೆರಿಗೆಗಳು, ವಯಸ್ಸು, ಮೈತೂಕ, ಕಾಲಿನ ಒಳನಾಳದಲ್ಲಿ ಹಿಂದೊಮ್ಮೆ ರಕ್ತ ಹೆಪ್ಪುಗಟ್ಟಿದ್ದು – ಇವು ಕಾಲಿನ ಅಭಿಧಮನಿಗಳನ್ನು ದುರ್ಬಲಗೊಳಿಸುತ್ತವೆ. ಮನೆತನದಲ್ಲಿ ಈ ದೋಷ ಇದ್ದರಂತೂ ಸಾಧ್ಯತೆ ಇನ್ನೂ ಹೆಚ್ಚು.

ಮೊದಲಿಗೆ ಮೀನಖಂಡದ ಮೇಲೆ ಹಾವಿನಂತೆ ಸುರುಳಿ ಸುರುಳಿಯಾಗಿ ನಾಳಗಳು ಉಬ್ಬುತ್ತವೆ. ಸಂಜೆಯಾಗುತ್ತಲೇ ಕಾಲು ಭಾರವಾಗುತ್ತದೆ, ಬಾವು ಕಾಣುತ್ತದೆ. ಮುಂದೆ ಹರಡಿನ ಮೇಲ್ಭಾಗದಲ್ಲಿ, ಹೆಚ್ಚಾಗಿ ಕಾಲಿನ ಒಳಮಗ್ಗುಲಲ್ಲಿ, ಚರ್ಮ ಕಂದುಗಟ್ಟಿ ಗಟ್ಟಿಯಾಗುತ್ತದೆ. ನವೆ ಶುರುವಾಗುತ್ತದೆ. ಒಂದು ದಿನ ಕೆರೆದದ್ದೋ, ಮುಳ್ಳು ತಾಗಿದ್ದೋ ನೆಪವಾಗಿ ಚರ್ಮ ಒಡೆಯುತ್ತದೆ. ಬೇರೆ ಕಡೆ ಆಗಿದ್ದರೆ ವಾರದಲ್ಲಿ ಮಾಯುತ್ತಿದ್ದ ಗಾಯ ಇಲ್ಲಿ ತಿಂಗಳಾದರೂ ಮಾಯುವುದಿಲ್ಲ. ಇದೇ ಅಭಿಧಮನಿ ದೋಷದ ಕಾಲು ಹುಣ್ಣು.

ಹರಡಿನ ಮೇಲೆ ಎಷ್ಟು ಭಾರ?

ಒಂದು ಲೆಕ್ಕ ಮಾಡೋಣ. ಮನುಷ್ಯ ನಿಂತಾಗ ಹೃದಯದಿಂದ ಹರಡಿನವರೆಗಿನ ಎತ್ತರ ಸುಮಾರು 120 ಸೆಂಟಿಮೀಟರ್ ಎನ್ನಿ. ಅಷ್ಟು ಎತ್ತರದ ರಕ್ತದ ಕಂಬವೊಂದು ಹರಡಿನ ಅಭಿಧಮನಿಯ ಮೇಲೆ ಕೂತಂತಾಯಿತು. ರಕ್ತದ ಸಾಂದ್ರತೆ 1.06, ಪಾದರಸದ್ದು 13.6. ಆದ್ದರಿಂದ 120 ಅನ್ನು 1.06ರಿಂದ ಗುಣಿಸಿ 13.6ರಿಂದ ಭಾಗಿಸಿದರೆ 9.35 ಸೆಂಟಿಮೀಟರ್, ಅಂದರೆ ಸುಮಾರು 90 ಮಿಲಿಮೀಟರ್ ಪಾದರಸದಷ್ಟು ಒತ್ತಡ.

ಇಷ್ಟು ಒತ್ತಡವನ್ನು ಎದುರಿಸಿ ರಕ್ತ ಮೇಲಕ್ಕೆ ಹೋಗುವುದಾದರೂ ಹೇಗೆ? ಇಲ್ಲಿ ಮೀನಖಂಡದ ಸ್ನಾಯು ಎರಡನೆಯ ಹೃದಯದಂತೆ ಕೆಲಸ ಮಾಡುತ್ತದೆ. ನಾವು ಹೆಜ್ಜೆ ಹಾಕಿದಾಗ ಸ್ನಾಯು ಬಿಗಿದು ಒಳಗಿನ ಅಭಿಧಮನಿಗಳನ್ನು ಹಿಂಡುತ್ತದೆ. ರಕ್ತ ಮೇಲಕ್ಕೆ ಚಿಮ್ಮುತ್ತದೆ. ಅದು ಮತ್ತೆ ಕೆಳಗಿಳಿಯದಂತೆ ನಾಳದೊಳಗಿನ ಕವಾಟಗಳು ಮುಚ್ಚಿಕೊಳ್ಳುತ್ತವೆ. ಇಟಲಿಯ ಫ್ಯಾಬ್ರೀಷಿಯಸ್ 1603ರಲ್ಲಿ ಈ ಕವಾಟಗಳನ್ನು ವಿವರವಾಗಿ ಬಣ್ಣಿಸಿದ. ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅವು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆ ಎಂದು ತೋರಿಸಿಕೊಟ್ಟ.

ಆರೋಗ್ಯವಂತರು ನಡೆಯುವಾಗ ಹರಡಿನ ಅಭಿಧಮನಿಯ ಒತ್ತಡ 90ರಿಂದ ಸುಮಾರು 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಕೆಟ್ಟವರಲ್ಲಿ ಅದು ಅಷ್ಟು ಇಳಿಯುವುದೇ ಇಲ್ಲ. ಬಾವಿಯಿಂದ ಸೇದಿದ ಕೊಡ ಅರ್ಧ ದಾರಿಯಲ್ಲಿ ಮತ್ತೆ ಜಾರಿಬಿದ್ದಂತೆ ಮೇಲೇರಿದ ರಕ್ತ ಕೆಳಗೆ ಬೀಳುತ್ತದೆ. ಹಗಲಿಡೀ ಹೀಗಾದರೆ ಚರ್ಮದ ಸೂಕ್ಷ್ಮ ನಾಳಗಳಿಂದ ದ್ರವ, ಪ್ರೋಟೀನು, ಕೆಂಪು ರಕ್ತಕಣಗಳು ಹೊರಸೋರುತ್ತವೆ. ಕಣಗಳಲ್ಲಿದ್ದ ಕಬ್ಬಿಣದಂಶ ಚರ್ಮದಲ್ಲಿ ಉಳಿದು ಕಂದು ಬಣ್ಣ ಕೊಡುತ್ತದೆ. ಉರಿಯೂತ ಮುಂದುವರಿದು ಅಲ್ಲಿಯ ಚರ್ಮ ಸೊರಗುತ್ತದೆ.

ಈಗ ಯೋಚಿಸಿ. ಮೇಲಿನಿಂದ ಎಷ್ಟೇ ಮುಲಾಮು ಹಚ್ಚಿದರೂ ಕೆಳಗಿನ ಈ ಒತ್ತಡ ತಗ್ಗೀತೆ? ಹೀಗಾಗಿ ಇಲ್ಲಿ ಪಟ್ಟಿಯೇ ಮುಖ್ಯ ಔಷಧ.

ಪಟ್ಟಿ ಹೇಗೆ ಕೆಲಸ ಮಾಡುತ್ತದೆ?

ಕಾಲಿಗೆ ಹೊರಗಿನಿಂದ ಕ್ರಮಬದ್ಧವಾದ ಒತ್ತಡ ಕೊಟ್ಟರೆ ಹಿಗ್ಗಿದ ನಾಳಗಳು ಕುಗ್ಗುತ್ತವೆ, ಸೋರಿಕೆ ಕಡಿಮೆಯಾಗುತ್ತದೆ, ನಿಂತ ದ್ರವ ಮೇಲಕ್ಕೆ ಸರಿಯುತ್ತದೆ. ಜರ್ಮನಿಯ ಹ್ಯಾಂಬರ್ಗಿನ ಚರ್ಮವೈದ್ಯ ಪೌಲ್ ಗೆರ್ಸನ್ ಉನ್ನಾ 19ನೇ ಶತಮಾನದ ಕೊನೆಯ ಭಾಗದಲ್ಲಿ ಸತುವಿನ ಲೇಪ ಬಳಿದ ಪಟ್ಟಿಯನ್ನು ಕಾಲಿಗೆ ಸುತ್ತಿ ಹಾಗೆಯೇ ದಿನಗಟ್ಟಲೆ ಬಿಡುವ ಕ್ರಮ ತಂದ. ಅದು ಇಂದಿಗೂ ಅವನ ಹೆಸರಿನಿಂದಲೇ ಬಳಕೆಯಲ್ಲಿದೆ. 1980ರ ದಶಕದಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ನಾಲ್ಕು ಪದರದ ಪಟ್ಟಿ ರೂಪುಗೊಂಡಿತು: ಒಳಗೆ ಹತ್ತಿಯಂಥ ಮೆತ್ತೆ, ಅದರ ಮೇಲೆ ಕ್ರೇಪ್ ಪಟ್ಟಿ, ಮೇಲೊಂದು ಹಿಗ್ಗುವ ಪಟ್ಟಿ, ಕೊನೆಗೆ ತನಗೆ ತಾನೇ ಅಂಟಿಕೊಳ್ಳುವ ಪಟ್ಟಿ.

ಇವುಗಳ ಗುರಿ ಹರಡಿನ ಬಳಿ ಸುಮಾರು 40 ಮಿಲಿಮೀಟರ್ ಪಾದರಸದ ಒತ್ತಡ, ಮೊಣಕಾಲಿನತ್ತ ಹೋದಂತೆ ಅದಕ್ಕಿಂತ ಕಡಿಮೆ. ಇದನ್ನು ಸಾಧಿಸಲು ಮೇಲೆ ಸಡಿಲ, ಕೆಳಗೆ ಬಿಗಿ ಎಂದು ಬೇರೆ ಬೇರೆಯಾಗಿ ಸುತ್ತಬೇಕಾಗಿಲ್ಲ. ಫ್ರೆಂಚ್ ಗಣಿತಜ್ಞ ಲಾಪ್ಲಾಸ್‌ನ ಹೆಸರಿನ ನಿಯಮದಂತೆ, ಪಟ್ಟಿಯ ಎಳೆತವೂ ಪದರಗಳೂ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ. ಕಾಲಿನ ಸುತ್ತಳತೆ ಹೆಚ್ಚಿದಂತೆ ಒತ್ತಡ ತಗ್ಗುತ್ತದೆ. ಹರಡಿನ ಮೇಲಿನ ಸುತ್ತಳತೆ 20 ಸೆಂಟಿಮೀಟರ್, ಮೀನಖಂಡದ್ದು 35 ಸೆಂಟಿಮೀಟರ್ ಇದ್ದರೆ, ಒಂದೇ ಎಳೆತದಲ್ಲಿ ಸುತ್ತಿದ ಪಟ್ಟಿ ಹರಡಿನಲ್ಲಿ 40 ಕೊಟ್ಟಾಗ ಮೀನಖಂಡದಲ್ಲಿ ಸುಮಾರು 23 ಕೊಡುತ್ತದೆ. ಕಾಲಿನ ಆಕಾರವೇ ಈ ಇಳಿಜಾರನ್ನು ಒದಗಿಸುತ್ತದೆ.

ಇದೇ ನಿಯಮದಲ್ಲಿ ಒಂದು ಎಚ್ಚರಿಕೆಯೂ ಇದೆ. ಸಣಕಲು ಕಾಲಿಗೆ, ಮೂಳೆ ಎದ್ದುಕಂಡ ಕಡೆ, ಅದೇ ಎಳೆತ ಅಪಾಯಕಾರಿ ಒತ್ತಡ ಕೊಡಬಹುದು. ಅದಕ್ಕೇ ಒಳಗಿನ ಮೆತ್ತೆ. ಈ ಪಟ್ಟಿಯನ್ನು ಕಲಿತವರೇ ಸುತ್ತಬೇಕು ಎನ್ನುವುದೂ ಇದೇ ಕಾರಣಕ್ಕೆ.

ಹಾಗಾದರೆ ಎಷ್ಟು ದಿನಕ್ಕೊಮ್ಮೆ?

ಮೊದಲ ಒಂದೆರಡು ವಾರ: ವಾರಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ಸಲ. ಇದಕ್ಕೆ ಎರಡು ಕಾರಣ. ಒಂದು, ಒತ್ತಡ ಬೀಳುತ್ತಲೇ ಬಾವು ಬೇಗ ಇಳಿಯುತ್ತದೆ. ಕಾಲು ತೆಳುವಾದಂತೆ ಪಟ್ಟಿ ಸಡಿಲಾಗಿ ಕೆಳಗೆ ಜಾರುತ್ತದೆ. ಸಡಿಲವಾದ ಪಟ್ಟಿ ಔಷಧವಾಗಿ ಉಳಿಯುವುದಿಲ್ಲ; ಜಾರಿ ಒಂದೆಡೆ ಮುದ್ದೆಯಾದರೆ ಅಲ್ಲಿ ಹಗ್ಗದಂತೆ ಬಿಗಿಯುತ್ತದೆ. ಎರಡು, ಆರಂಭದಲ್ಲಿ ಹುಣ್ಣಿನಿಂದ ರಸಿಕೆ ಹೆಚ್ಚು. ಮೆತ್ತೆ ಅದನ್ನು ಹೀರಿ ಹೀರಿ ತೊಯ್ದುಹೋಗುತ್ತದೆ.

ಬಾವು ಇಳಿದು, ರಸಿಕೆ ಹತೋಟಿಗೆ ಬಂದ ಮೇಲೆ: ವಾರಕ್ಕೆ ಒಂದು ಸಲ. ಬಹುಪದರದ ಪಟ್ಟಿಗೆ ಇದು ಸಾಮಾನ್ಯ ಕ್ರಮ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ದಾದಿಯರು ಸಾಮಾನ್ಯವಾಗಿ ವಾರಕ್ಕೊಮ್ಮೆಯೇ ಪಟ್ಟಿ ಬದಲಿಸುತ್ತಾರೆ.

ಇವುಗಳ ನಡುವೆ ಯಾವಾಗ ಬೇಕಾದರೂ: ರಸಿಕೆ ಹೊರಪದರದವರೆಗೆ ಒಸರಿದರೆ, ಪಟ್ಟಿ ನೀರಲ್ಲಿ ನೆನೆದರೆ, ಜಾರಿದರೆ, ದುರ್ವಾಸನೆ ಬಂದರೆ, ಜ್ವರ ಬಂದರೆ, ನೋವು ಏರುತ್ತ ಹೋದರೆ ದಿನ ಎಣಿಸುತ್ತ ಕೂರಬಾರದು. ಅಂದೇ ಬದಲಿಸಬೇಕು.

ಕಾಲ್ಬೆರಳು ನೀಲಿಗಟ್ಟಿದರೆ ಅಥವಾ ಬಿಳಿಚಿದರೆ, ತಣ್ಣಗಾದರೆ, ಜೋಮು ಹಿಡಿದು ಬಿಡದಿದ್ದರೆ ತಕ್ಷಣವೇ, ಮನೆಯಲ್ಲೇ, ಪಟ್ಟಿ ತೆಗೆದುಹಾಕಿ ವೈದ್ಯರನ್ನು ಕಾಣಬೇಕು. ಪಟ್ಟಿ ಕಟ್ಟಿದ ಮೇಲೆ ಉಸಿರಾಟ ಕಷ್ಟವಾದರೂ ಹೀಗೆಯೇ. ಕಾಲಿನ ದ್ರವ ಒಮ್ಮೆಗೇ ಮೇಲಕ್ಕೆ ಬಂದಾಗ ದುರ್ಬಲ ಹೃದಯಕ್ಕೆ ಅದು ಭಾರವಾಗಬಹುದು.

ಪದೇ ಪದೇ ಬಿಚ್ಚಿದರೆ ನಷ್ಟವೇನು?

ಮೊದಲನೆಯದು ಒತ್ತಡದ ನಷ್ಟ. ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಕಟ್ಟುವವರೆಗೆ ಕಾಲು ಇಳಿಬಿಟ್ಟಿದ್ದರೆ ಬಾವು ಮರಳತೊಡಗುತ್ತದೆ. ಮನೆಯಲ್ಲಿ ತಿರುಗಿ ಕಟ್ಟಿದ ಪಟ್ಟಿ ಮೊದಲಿನ ಒತ್ತಡ ಕೊಡುವುದೂ ಅಪರೂಪ.

ಎರಡನೆಯದು ಗಾಯಕ್ಕೇ ಆಗುವ ನಷ್ಟ. ಹುಣ್ಣಿನ ಅಂಚಿನಿಂದ ಹೊಸ ಚರ್ಮದ ಕೋಶಗಳು ತೆಳುವಾದ ಪೊರೆಯಂತೆ ತೆವಳುತ್ತ ಒಳಕ್ಕೆ ಬರುತ್ತವೆ. ಒಣಗಿ ಅಂಟಿದ ಬಟ್ಟೆಯನ್ನು ದಿನವೂ ಕಿತ್ತರೆ ಆ ಪೊರೆಯೂ ಕಿತ್ತುಬರುತ್ತದೆ. ಗಾಯ ತಣ್ಣಗಾದಾಗಲೂ ಕೋಶಗಳ ಕೆಲಸ ಮಂದವಾಗುತ್ತದೆ. ‘ಗಾಳಿಗೆ ಬಿಟ್ಟರೆ ಬೇಗ ಒಣಗುತ್ತದೆ’ ಎಂಬ ಮಾತನ್ನು ಲಂಡನ್ನಿನ ಜಾರ್ಜ್ ವಿಂಟರ್ 1962ರಲ್ಲಿ ಪರೀಕ್ಷಿಸಿದರು. ಹಂದಿಗಳ ಚರ್ಮದ ಮೇಲೆ ಸಣ್ಣ ಗಾಯ ಮಾಡಿ ಕೆಲವನ್ನು ತೆರೆದಿಟ್ಟರು, ಕೆಲವನ್ನು ತೇವ ಆರದಂತೆ ಹಾಳೆಯಿಂದ ಮುಚ್ಚಿದರು. ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಹಬ್ಬಿತು. ಗಾಯ ಒಣಗುವುದು ಬೇರೆ, ಮಾಯುವುದು ಬೇರೆ.

ಬಿಚ್ಚಿದಾಗಲೆಲ್ಲ ಕಟುವಾದ ಕ್ರಿಮಿನಾಶಕ ಸುರಿಯುವುದೂ ಸಲ್ಲದು. ಕ್ರಿಮಿಯೊಡನೆ ಹೊಸ ಕೋಶಗಳೂ ಸಾಯುತ್ತವೆ. ಶುದ್ಧ ನೀರು ಅಥವಾ ಸಲೈನ್ ಸಾಕು. ಸೋಂಕಿನ ಲಕ್ಷಣವಿಲ್ಲದಿದ್ದರೆ ಆಂಟಿಬಯಾಟಿಕ್ ಗುಳಿಗೆ, ಪುಡಿಗಳ ಅಗತ್ಯವೂ ಇಲ್ಲ.

ಮೂರನೆಯದು ದುಡಿಮೆಯ ನಷ್ಟ. ಇದಕ್ಕೆ ಒಂದು ಲೆಕ್ಕ ನೋಡಿ. 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಇಂಥ ಹುಣ್ಣಿನ 457 ಮಂದಿ ಭಾಗವಹಿಸಿದ್ದರು. ನಾಲ್ಕು ಪದರದ ಪಟ್ಟಿ ಕಟ್ಟಿಸಿಕೊಂಡವರಲ್ಲಿ ಹುಣ್ಣು ಮಾಯಲು ಹಿಡಿದ ಮಧ್ಯಮಾಂಕ ಅವಧಿ 98 ದಿನ; ಎರಡು ಪದರದ ಒತ್ತಡದ ಕಾಲುಚೀಲ ಹಾಕಿಕೊಂಡವರಲ್ಲಿ 99 ದಿನ. ಕಾಲುಚೀಲದ ಗುಂಪಿನಲ್ಲಿ ಹೆಚ್ಚು ಮಂದಿ ನಡುವೆಯೇ ಬೇರೆ ಚಿಕಿತ್ಸೆಗೆ ಬದಲಾದರು, ಆದರೂ ಎರಡರ ಫಲವೂ ಹತ್ತಿರ ಹತ್ತಿರ. 98 ದಿನವೆಂದರೆ 14 ವಾರ. ದಿನವೂ ಬದಲಿಸಿದರೆ 98 ಸಲ. ಮೊದಲ ಎರಡು ವಾರ ಎರಡೆರಡು ಸಲ, ಆಮೇಲೆ ವಾರಕ್ಕೊಮ್ಮೆ ಎಂದರೆ 16 ಸಲ. ಕೊಂಕಲ್‌ನಿಂದ ಶಹಾಪುರಕ್ಕೋ ಯಾದಗಿರಿಗೋ ಬಸ್ಸು ಹತ್ತಿ ಹೋಗಿಬರುವ ಕೂಲಿಯವರಿಗೆ ಒಂದೊಂದು ಸಲವೂ ಬಸ್ ಚಾರ್ಜು, ಒಂದೊಂದು ದಿನದ ಪಗಾರ. 98 ಸಲ ಹೋಗಲು ಯಾರಿಂದಲೂ ಆಗದು. ಕೆಲವು ದಿನ ಹೋಗಿ ಬೇಸತ್ತು ಬಿಟ್ಟುಬಿಡುತ್ತಾರೆ, ಹುಣ್ಣು ಹಾಗೇ ಉಳಿಯುತ್ತದೆ. 16 ಸಲ ಎಂದಾಗ ಅದು ಸಾಧ್ಯವಾದ ಮಾತು.

ಸುಶ್ರುತನ ಕಾಲದ ವಿವೇಕ

ಪಟ್ಟಿಯ ಅವಧಿ ಕುರಿತ ಚರ್ಚೆ ಹೊಸದೇನಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನ 14 ಬಗೆಯ ಕಟ್ಟುಗಳನ್ನೂ, ಬಿಗಿ, ಸಾಧಾರಣ, ಸಡಿಲ ಎಂಬ ಮೂರು ಹದಗಳನ್ನೂ ಹೇಳುತ್ತದೆ. ಹೇಮಂತ, ಶಿಶಿರ, ವಸಂತಗಳಲ್ಲಿ ಕಟ್ಟನ್ನು ಮೂರು ದಿನಕ್ಕೊಮ್ಮೆಯೂ, ಶರತ್, ಗ್ರೀಷ್ಮ, ವರ್ಷ ಋತುಗಳಲ್ಲಿ ಎರಡು ದಿನಕ್ಕೊಮ್ಮೆಯೂ ಬಿಚ್ಚಬೇಕೆಂಬ ಸೂಚನೆಯೂ ಅಲ್ಲಿದೆ. ತುರ್ತು ಸಂದರ್ಭದಲ್ಲಿ ಈ ನಿಯಮಕ್ಕೆ ಕಾಯಬಾರದೆಂದೂ ಅದು ಹೇಳುತ್ತದೆ. ಅಂದಿನ ಬಟ್ಟೆಯ ಕಟ್ಟುಗಳಿಗೂ ಇಂದಿನ ಪದರಗಳಿಗೂ ಹೋಲಿಕೆ ಸಲ್ಲದು, ಆದ್ದರಿಂದ ಆ ದಿನಗಳ ಎಣಿಕೆಯನ್ನು ಇಲ್ಲಿಗೆ ಹಚ್ಚುವಂತಿಲ್ಲ. ಆದರೆ ಅವಧಿಯನ್ನು ನಿರ್ಧರಿಸಬೇಕಾದದ್ದು ಹವೆ ಮತ್ತು ಗಾಯದ ಸ್ಥಿತಿ ಎಂಬ ತಿಳಿವು ಈಗಲೂ ಸಲ್ಲುತ್ತದೆ. ಯಾದಗಿರಿಯ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಪದರಗಳೊಳಗೆ ಬೆವರು, ನವೆ ಹೆಚ್ಚಿದರೆ ವೈದ್ಯರು ಏಳು ದಿನದ ಬದಲು ನಾಲ್ಕೈದು ದಿನಕ್ಕೆ ಬರಹೇಳಬಹುದು. ನವೆಯೆಂದು ಕಡ್ಡಿ ತೂರಿಸಿ ಕೆರೆಯುವುದು ಮಾತ್ರ ಕೂಡದು. ಹೊಸ ಹುಣ್ಣಿಗೆ ಅದೇ ದಾರಿ.

ಎರಡು ಪ್ರಶ್ನೆ, ಎರಡು ಉತ್ತರ

ಇಲ್ಲಿ ಅನೇಕರಿಗೆ ಗೊಂದಲವಾಗುವ ಅಂಶವೊಂದಿದೆ. ಹುಣ್ಣಿನ ಮೇಲಿಡುವ ಮೆತ್ತೆ ಬೇರೆ, ಅದರ ಮೇಲೆ ಸುತ್ತುವ ಒತ್ತಡದ ಪಟ್ಟಿ ಬೇರೆ. ಬಹುಪದರದ ಪಟ್ಟಿ, ಹೆಚ್ಚು ಹಿಗ್ಗದ ಪಟ್ಟಿ ಇವು ಹಗಲೂ ರಾತ್ರಿಯೂ ಕಾಲಿನ ಮೇಲಿರುತ್ತವೆ. ಹೆಚ್ಚು ಹಿಗ್ಗದ ಪಟ್ಟಿಯದು ಒಂದು ವಿಶೇಷ: ನಡೆಯುವಾಗ ಉಬ್ಬುವ ಸ್ನಾಯುವಿಗೆ ಅದು ಗೋಡೆಯಂತೆ ಎದುರು ನಿಂತು ಒತ್ತಡ ಹೆಚ್ಚಿಸುತ್ತದೆ, ಮಲಗಿದಾಗ ಒತ್ತಡ ತಗ್ಗಿಸುತ್ತದೆ. ರಬ್ಬರಿನಂತೆ ಬಹಳ ಹಿಗ್ಗುವ ಪಟ್ಟಿ ಮಲಗಿದಾಗಲೂ ಹಿಂಡುತ್ತಲೇ ಇರುತ್ತದೆ. ಅಂಥ ಪಟ್ಟಿಯನ್ನು ಒಂಟಿಯಾಗಿ ಬಳಸಿದಾಗ ರಾತ್ರಿ ತೆಗೆದು, ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಮತ್ತೆ ಸುತ್ತಿಕೊಳ್ಳುವಂತೆ ಹೇಳುತ್ತಾರೆ. ಒತ್ತಡದ ಕಾಲುಚೀಲದ ಕ್ರಮವೂ ಬಹುಮಟ್ಟಿಗೆ ಹೀಗೆಯೇ. ಆಗಲೂ ಒಳಗಿನ ಮೆತ್ತೆಯನ್ನು ದಿನವೂ ಕೀಳಬೇಕಾಗಿಲ್ಲ. ‘ಪಟ್ಟಿ ಬಿಚ್ಚಿದೆವಲ್ಲ, ಗಾಯವನ್ನೂ ತೊಳೆದುಬಿಡೋಣ’ ಎನ್ನುವ ಆತುರ ಬೇಡ. ಕಟ್ಟಿದ್ದು ಯಾವ ಬಗೆಯದು, ರಾತ್ರಿ ತೆಗೆಯಬೇಕೆ ಎಂದು ಕೇಳಿ ತಿಳಿಯುವುದು ರೋಗಿಯ ಹಕ್ಕು.

ಆನೆಕಾಲು ರೋಗದ ಪಾಠ ಇಲ್ಲಿಗೆ ಹೊಂದುವುದೆ?

ಯಾದಗಿರಿ ಭಾಗದ ಜನರಿಗೆ ಈ ಪ್ರಶ್ನೆ ಮುಖ್ಯ. ಕರ್ನಾಟಕದಲ್ಲಿ ಆನೆಕಾಲು ರೋಗ ಕಾಣಿಸಿಕೊಂಡಿರುವ ಜಿಲ್ಲೆಗಳ ಪಟ್ಟಿಯಲ್ಲಿ ಯಾದಗಿರಿ, ಕಲಬುರಗಿ, ರಾಯಚೂರು, ಬೀದರ್, ವಿಜಯಪುರ, ಬಾಗಲಕೋಟೆಗಳೂ ಕರಾವಳಿ ಜಿಲ್ಲೆಗಳೂ ಇವೆ. ರೋಗ ತಡೆಗೆ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮವನ್ನು ದೇಶದಲ್ಲಿ ಮೊದಲು ಜಾರಿಗೆ ತಂದ ಕೆಲವೇ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು.

ಆನೆಕಾಲಿನಲ್ಲಿ ಕೆಡುವುದು ದುಗ್ಧರಸ ನಾಳಗಳು. ಚರ್ಮ ಮಡಿಕೆ ಮಡಿಕೆಯಾಗಿ, ಬೆರಳ ಸಂದಿಯ ಬಿರುಕುಗಳಿಂದ ಬ್ಯಾಕ್ಟೀರಿಯಾ ಒಳಸೇರಿ ಪದೇ ಪದೇ ಜ್ವರ ಬರುತ್ತದೆ. ಆದ್ದರಿಂದ ಅಲ್ಲಿ ದಿನವೂ ಸೋಪು ನೀರಿನಿಂದ ತೊಳೆದು, ಒರೆಸಿ ಒಣಗಿಸುವುದೇ ಆರೈಕೆಯ ಮೊದಲ ಮೆಟ್ಟಿಲು. ಕಾಸರಗೋಡಿನಲ್ಲಿ 1999ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಸಂಸ್ಥೆ ಚರ್ಮದ ಸ್ವಚ್ಛತೆ, ಆಯುರ್ವೇದ, ಯೋಗ, ಒತ್ತಡದ ಪಟ್ಟಿ ಇವನ್ನೆಲ್ಲ ಜೋಡಿಸಿ ಆನೆಕಾಲಿಗೆ ಚಿಕಿತ್ಸೆ ರೂಪಿಸಿತು. ಗುಲ್ಬರ್ಗ ಮತ್ತು ಕೇರಳದ ಆಲಪ್ಪುಳ ಜಿಲ್ಲೆಗಳ ಹಳ್ಳಿಗಳಿಗೆ ಅದನ್ನು ಒಯ್ದು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹಳ್ಳಿಯ ರೋಗಿಗಳು ತಮ್ಮ ಕಾಲಿನ ಆರೈಕೆಯನ್ನು ತಾವೇ ಕಲಿತು ಮಾಡಿಕೊಳ್ಳಬಲ್ಲರು ಎಂಬುದನ್ನು ಅದು ತೋರಿಸಿತು.

ಎರಡೂ ಕಡೆ ಪಟ್ಟಿ ಇದೆ, ಎರಡೂ ಕಡೆ ಬಾವು ಇದೆ. ಆದರೆ ಒಂದರಲ್ಲಿ ದಿನವೂ ತೊಳೆಯುವುದೇ ಚಿಕಿತ್ಸೆಯ ಜೀವಾಳ. ಇನ್ನೊಂದರಲ್ಲಿ ಬಿಚ್ಚದೆ ಬಿಡುವುದೇ ಚಿಕಿತ್ಸೆಯ ಜೀವಾಳ. ಪಕ್ಕದ ಮನೆಯವರು ದಿನಾ ಕಾಲು ತೊಳೆದು ಗುಣ ಕಂಡರೆಂದು ನಿಮ್ಮ ಮನೆಯವರ ಪಟ್ಟಿ ಬಿಚ್ಚಬಾರದು. ಎರಡೂ ದೋಷ ಒಂದೇ ಕಾಲಿನಲ್ಲಿದ್ದರೆ ವೈದ್ಯರೇ ಕ್ರಮ ಹೇಳಬೇಕು.

ಯಾರಿಗೆ ಈ ಪಟ್ಟಿ ಸಲ್ಲದು?

ಕಾಲಿಗೆ ಶುದ್ಧ ರಕ್ತ ತರುವ ಅಪಧಮನಿಯೇ ಕಿರಿದಾಗಿದ್ದರೆ, ಬಿಗಿಯಾದ ಪಟ್ಟಿ ಬರುವ ಅಲ್ಪ ರಕ್ತವನ್ನೂ ತಡೆದು ಕಾಲನ್ನೇ ಕಳೆಯಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ ಪಟ್ಟಿ ಕಟ್ಟುವ ಮೊದಲು ಹರಡಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿ ನೋಡುತ್ತಾರೆ. ಭಾಗಲಬ್ಧ 1ರ ಆಸುಪಾಸಿನಲ್ಲಿದ್ದರೆ ಸರಿ. 0.8ಕ್ಕಿಂತ ಕಡಿಮೆಯಾದರೆ ಪೂರ್ಣ ಒತ್ತಡ ಕೊಡುವುದಿಲ್ಲ, 0.5ಕ್ಕಿಂತ ಕಡಿಮೆಯಾದರೆ ಪಟ್ಟಿಯೇ ಇಲ್ಲ, ರಕ್ತನಾಳ ತಜ್ಞರಲ್ಲಿಗೆ ಹೋಗಬೇಕು. ಸಕ್ಕರೆ ಕಾಯಿಲೆಯಲ್ಲಿ ನಾಳಗಳು ಗಡುಸಾಗಿ 1.3ಕ್ಕೂ ಮೀರಿದ ಅಂಕಿ ಬಂದರೆ ಅದನ್ನು ನಂಬುವಂತಿಲ್ಲ, ಬೇರೆ ಪರೀಕ್ಷೆ ಬೇಕು. ಕುಷ್ಠ ಅಥವಾ ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಹೋದ ಅಂಗಾಲಿನಲ್ಲಾಗುವ ಹುಣ್ಣಿನ ಕಾರಣವೇ ಬೇರೆ. ಹೀಗೆ ಕಾಲಿನ ಹುಣ್ಣುಗಳೆಲ್ಲ ಒಂದೇ ಅಲ್ಲ. ಮೊಣಕಾಲ ಕೆಳಗಿನ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ಅದು ಯಾವ ಬಗೆಯದೆಂದು ಪರೀಕ್ಷೆ ಮಾಡಿಸಲೇಬೇಕು.

ಹುಣ್ಣು ಮಾಯ್ದ ಮೇಲೆ

ಮಾಯ್ದ ಮಾತ್ರಕ್ಕೆ ಕವಾಟ ಸರಿಹೋಗುವುದಿಲ್ಲ. ಒತ್ತಡದ ಕಾಲುಚೀಲ ಹಾಕುವುದನ್ನು ಬಿಟ್ಟರೆ ಹುಣ್ಣು ಮರುಕಳಿಸಬಹುದು. ಕೆಟ್ಟ ಅಭಿಧಮನಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಲಾಭವಿದೆಯೆ ಎಂಬುದನ್ನೂ ಪರೀಕ್ಷಿಸಿದ್ದಾರೆ. 2004ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ, ಬರೀ ಪಟ್ಟಿ ಕಟ್ಟಿದವರಲ್ಲಿ ಒಂದು ವರ್ಷದೊಳಗೆ ಶೇಕಡ 28ರಷ್ಟು ಮಂದಿಗೆ ಹುಣ್ಣು ಮರುಕಳಿಸಿದರೆ, ಪಟ್ಟಿಯ ಜೊತೆ ಶಸ್ತ್ರಚಿಕಿತ್ಸೆಯೂ ಆದವರಲ್ಲಿ ಅದು ಶೇಕಡ 12 ಮಾತ್ರ. 2018ರ ಇನ್ನೊಂದು ಪ್ರಯೋಗದಲ್ಲಿ, ನಾಳದೊಳಗಿನಿಂದಲೇ ದೋಷವನ್ನು ಮುಚ್ಚುವ ಚಿಕಿತ್ಸೆಯನ್ನು ತಡಮಾಡದೆ ಕೊಟ್ಟವರಲ್ಲಿ ಹುಣ್ಣು ಮಾಯುವ ಮಧ್ಯಮಾಂಕ ಅವಧಿ 82 ದಿನದಿಂದ 56 ದಿನಕ್ಕೆ ಇಳಿಯಿತು. ಅಲ್ಲೂ ಎರಡೂ ಗುಂಪಿನವರ ಕಾಲಿಗೆ ಪಟ್ಟಿ ಇದ್ದೇ ಇತ್ತು.

ಮಾಡಿ ನೋಡಿ

ಹಾರ್ವೆಯ ಪ್ರಯೋಗ: ಗೆಳೆಯನ ತೋಳಿಗೆ ಮೊಣಕೈ ಮೇಲೆ ಬಟ್ಟೆಯನ್ನು ಹದವಾಗಿ ಕಟ್ಟಿ. ಮುಂಗೈ ನಾಳಗಳು ಉಬ್ಬಿ ಅಲ್ಲಲ್ಲಿ ಗಂಟುಗಳು ಕಾಣುತ್ತವೆ. ಅವೇ ಕವಾಟಗಳ ಜಾಗ. ಗಂಟೊಂದರ ಕೆಳಗೆ, ಕೈಬೆರಳಿನ ಕಡೆಗೆ, ಒಂದು ಬೆರಳಿನಿಂದ ನಾಳವನ್ನು ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಗಂಟಿನ ಆಚೆಗೆ, ಮೊಣಕೈ ಕಡೆಗೆ, ರಕ್ತವನ್ನು ಸವರಿ ಬಿಡಿ. ಗಂಟಿನವರೆಗಿನ ನಾಳ ಖಾಲಿಯಾಗಿಯೇ ಉಳಿಯುತ್ತದೆ. ಮೇಲಿನಿಂದ ರಕ್ತ ಹಿಂದಿರುಗುವುದಿಲ್ಲ. ಒತ್ತಿದ ಬೆರಳು ತೆಗೆದೊಡನೆ ಕೆಳಗಿನಿಂದ ತುಂಬುತ್ತದೆ. ಒಂದೆರಡು ನಿಮಿಷದಲ್ಲಿ ಬಟ್ಟೆ ಬಿಚ್ಚಿಬಿಡಿ.

ಮನೆಯಲ್ಲಿ ನೀವು ಮಾಡಬಹುದಾದದ್ದು

ಮನೆಯ ಹಿರಿಯರಿಗೆ ಇಂಥ ಪಟ್ಟಿ ಕಟ್ಟಿದ್ದರೆ ಒಂದು ನೋಟ್‌ಬುಕ್ ಇಡಿ. ಪಟ್ಟಿ ಕಟ್ಟಿದ ದಿನಾಂಕ, ಮುಂದೆ ಹೋಗಬೇಕಾದ ದಿನಾಂಕ ಬರೆಯಿರಿ. ಬದಲಿಸುವ ದಿನ ಹರಡಿನ ಮತ್ತು ಮೀನಖಂಡದ ಸುತ್ತಳತೆಯನ್ನು ಟೇಪಿನಿಂದ ಅಳೆದು ಬರೆಯಲು ದಾದಿಯನ್ನು ಕೇಳಿ. ಹುಣ್ಣಿನ ಉದ್ದಗಲವನ್ನೂ ಗುರುತಿಸಿಕೊಳ್ಳಿ. ಅಂಕಿ ಇಳಿಯುತ್ತಿದ್ದರೆ ಚಿಕಿತ್ಸೆ ಸರಿದಾರಿಯಲ್ಲಿದೆ. ದಿನವೂ ಬೆಳಿಗ್ಗೆ, ಸಂಜೆ ಕಾಲ್ಬೆರಳುಗಳ ಬಣ್ಣ, ಬಿಸುಪು ನೋಡಿ. ಸ್ನಾನಕ್ಕೆ ಮುನ್ನ ಪ್ಲಾಸ್ಟಿಕ್ ಚೀಲ ಕಟ್ಟಿ ಪಟ್ಟಿ ನೆನೆಯದಂತೆ ನೋಡಿಕೊಳ್ಳಿ. ನಿಂತೇ ಇರಬೇಡಿ, ನಡೆಯಿರಿ ಎಂದು ನೆನಪಿಸಿ. ಮೀನಖಂಡ ಹಿಂಡಿದರೆ ತಾನೆ ಪಟ್ಟಿಗೆ ಕೆಲಸ! ಕೂತಾಗ ಕಾಲನ್ನು ಎತ್ತರಕ್ಕೆ ಇಟ್ಟುಕೊಳ್ಳಲು ಒಂದು ದಿಂಬು ಕೊಡಿ.

ನಾಲ್ಕನೇ ದಿನ ಯಾರೋ ನೆಂಟರು ಬಂದು ‘ಇನ್ನೂ ಬಿಚ್ಚಿಲ್ಲೇನು?’ ಎಂದು ಹೌಹಾರಿದರೆ ಅವ್ವನ ಕೈ ಗಂಟಿನತ್ತ ಹೋಗುವುದು ಖಂಡಿತ. ಆಗ ನೋಟ್‌ಬುಕ್ ತೆರೆದು, ಬೆರಳುಗಳನ್ನು ಮುಟ್ಟಿ ನೋಡಿ, ಎಲ್ಲ ಸರಿಯಿದ್ದರೆ ನೀವೇ ಹೇಳಬೇಕು: ‘ಬ್ಯಾಡವ್ವಾ, ಬಿಚ್ಚಬ್ಯಾಡ. ಬೆರಳು ಬೆಚ್ಚಗ ಅದಾವ, ಪಟ್ಟಿ ಒಣಗೇ ಐತಿ. ಡಾಕ್ಟ್ರು ಮಂಗಳವಾರ ಬಾ ಅಂದಾರ, ಅವತ್ತೇ ಹೋಗೂಣು.’